ಒಲೆ ಬಿಟ್ಟು ಚರ್ಮ ಹಿಡಿದ ಡೆಲ್ಮಾ

ಕುರಿ ಸೀಮೆಯ ಪುಟ್ಟ ಊರು ಮುಲ್ಗಾಡೂನಿನ ಮುಖ್ಯಬೀದಿಗೆ ಇನ್ನೂ ಬೆಳಕು ಸರಿಯಾಗಿ ಬಿದ್ದಿಲ್ಲ. ಬೇಕರಿಯ ಬಾಗಿಲು ತೆರೆದಿಲ್ಲ, ಪೆಟ್ರೋಲ್ ಬಂಕಿನವನು ಕುರ್ಚಿಯಲ್ಲೇ ಆಕಳಿಸುತ್ತಿದ್ದಾನೆ. ಕ್ಲೆಮ್ ಹೊರಿಗನ್ ಅವರ ಕುದುರೆ ಜೀನಿನ ಅಂಗಡಿಯ ಹಿಂಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಅಲ್ಲಿ ಮೇಜಿನಂಥ ಉದ್ದನೆಯ ಮರದ ಬೆಂಚಿನ ಮುಂದೆ ಸ್ಟೂಲು ಹಾಕಿಕೊಂಡು ಡೆಲ್ಮಾ ಕ್ವಿಲ್ಟಿ ಕಾಂಗರೂ ಚರ್ಮದಿಂದ ಎಳೆ ಕತ್ತರಿಸುತ್ತಿದ್ದಾರೆ. ಹೆಬ್ಬೆರಳಿನ ಉಗುರೇ ಅಳತೆಗೋಲು. ದುಂಡನೆಯ ತುಂಡನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ ಚೂರಿಯ ಬಾಯಿಂದ ಸಣ್ಣ ಎಳೆಯೊಂದು ಇಳಿದು ಮಡಿಲಲ್ಲಿ ಸುರುಳಿಯಾಗುತ್ತದೆ. ಸೇಬಿನ ಸಿಪ್ಪೆಯನ್ನು ಎಲ್ಲೂ ತುಂಡಾಗದಂತೆ ತೆಗೆದ ಹಾಗೆ. ಅದನ್ನು ಹೋಲಿಸಿ ಹೇಳಿದರೆ ಡೆಲ್ಮಾ ತಲೆಯೆತ್ತದೆ ಉತ್ತರಿಸುತ್ತಾರೆ: "ಸೇಬಿನ ಸಿಪ್ಪೆ ತುಂಡಾದ್ರೆ ಕಡುಬಿಗೆ ಏನೂ ಆಗಲ್ಲ. ಇದು ತುಂಡಾದ್ರೆ ನಾನು ಮತ್ತೆ ಮೊದಲಿಂದ."

ಅವರ ಎಡಗೈಯಲ್ಲಿ ಕಂದು ಬಣ್ಣದ ಒಂದು ಕಡಗವಿದೆ. ನಾಲ್ಕು ಎಳೆಯ ಹೆಣಿಗೆ. ಒಂದು ತುದಿಗೆ ಕುಣಿಕೆ, ಇನ್ನೊಂದು ತುದಿಗೆ ಗುಂಡಿಯಂಥ ಗಂಟು. ವಾರದಿಂದ ಅದನ್ನು ಕೈಯಿಂದ ಕಳಚಿಲ್ಲ. ಇವತ್ತು ಬೆಳಿಗ್ಗೆ ಕ್ಲೆಮ್ ಅದನ್ನು ನೋಡುತ್ತಾರೆ. ಒಪ್ಪಿದರೆ ಈ ಬೆಂಚಿನ ಮುಂದೆ ಕುಳಿತು ದುಡಿಯುವ ಹಕ್ಕು ಡೆಲ್ಮಾರದು. ಒಪ್ಪದಿದ್ದರೆ ಅಂಗಡಿ ಮುಚ್ಚುತ್ತದೆ. ಬೆಂಚೂ ಉಪಕರಣಗಳೂ ನಗರದ ಯಾವುದೋ ಕಾಫಿ ಅಂಗಡಿಗೆ ಹೋಗುತ್ತವೆ, ಅಲ್ಲಿ ಅವನ್ನು ಅಲಂಕಾರಕ್ಕಿಟ್ಟು ಚಂದ ನೋಡುತ್ತಾರಂತೆ. ಡೆಲ್ಮಾ ಕರಾವಳಿಯಲ್ಲಿರುವ ತಂಗಿ ಬೆರಿಲ್ ಮನೆ ಸೇರಬೇಕಾಗುತ್ತದೆ.

"ತಂಗಿ ಮನೇಲಿ ಯಾವುದಕ್ಕೂ ಕಮ್ಮಿ ಇಲ್ಲ. ಬಾಲ್ಕನಿ ಇದೆ, ಎದುರಿಗೇ ಸಮುದ್ರ. ಕೂತ್ಕೊಂಡು ನೋಡ್ತಾ ಇರು ಅಂತಾಳೆ. ಎಷ್ಟು ದಿನ ನೋಡೋದು ಹೇಳಿ? ಅದು ಬರುತ್ತೆ, ಹೋಗುತ್ತೆ. ಬೇರೇನೂ ಮಾಡಲ್ಲ," ಎನ್ನುತ್ತಾರೆ ಡೆಲ್ಮಾ.

ಸುಮ್ಮನೆ ಕೂರುವ ಜೀವವೇ ಅಲ್ಲ ಅದು. ಈ ಸೀಮೆಯಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ತಂಡಗಳಿಗೆ ಅಡುಗೆ ಮಾಡುತ್ತಾ ಡೆಲ್ಮಾ ಅರ್ಧ ಆಯುಷ್ಯ ಕಳೆದಿದ್ದಾರೆ. ಗಂಡ ತೀರಿಕೊಂಡ ಮೇಲೆ ಹಿಡಿದ ಸೌಟು ಅದು. ತಂಡ ಹೋದಲ್ಲೆಲ್ಲ ಇವರ ಪಾತ್ರೆಗಳೂ ಹೋಗುತ್ತಿದ್ದವು. ನಸುಕಿಗೆ ಚಾಪ್ಸ್ ಮತ್ತು ಮೊಟ್ಟೆ, ನಡುವೆ ಟೀ ಜೊತೆಗೆ ಹಣ್ಣಿನ ಕೇಕು, ಮಧ್ಯಾಹ್ನಕ್ಕೆ ಹುರಿದ ಕುರಿಮಾಂಸ, ಸಂಜೆ ಮತ್ತೆ ಟೀ, ರಾತ್ರಿಗೆ ಸ್ಟೂ. ಒಂದು ಹೊತ್ತು ತಡವಾದರೂ ಉಣ್ಣೆ ಕತ್ತರಿಸುವವರ ಮುಖ ಊದಿಕೊಳ್ಳುತ್ತದೆ. ತಡವಾಗಿದ್ದು ಯಾವತ್ತೂ ಇಲ್ಲ ಎಂದು ಹೇಳುವಾಗ ಡೆಲ್ಮಾರ ದನಿ ಸ್ವಲ್ಪ ಏರುತ್ತದೆ.

ಕೈಕೊಟ್ಟಿದ್ದು ಮಂಡಿಗಳು. ಸಿಮೆಂಟ್ ನೆಲದ ಮೇಲೆ ಇಷ್ಟು ವರ್ಷ ನಿಂತ ಫಲ. ಹೋದ ವರ್ಷ ತಂಡದ ಗುತ್ತಿಗೆದಾರ ಹೊಸ ಅಡುಗೆಯವನನ್ನು ಕರೆತಂದು, ಡೆಲ್ಮಾರಿಗೆ ಒಂದು ಹೂಗುಚ್ಛ ಕೊಟ್ಟು ಕೈತೊಳೆದುಕೊಂಡ. ಹೂವು ಬಾಡುವುದಕ್ಕೂ ಮುಂಚೆಯೇ ಡೆಲ್ಮಾರಿಗೆ ಮನೆ ಬೇಜಾರಾಗಿತ್ತು. ಅಡುಗೆ ಚೂರಿಗಳನ್ನು ಸುತ್ತಿಡುವ ಚರ್ಮದ ಚೀಲ ಹರಿದಿದೆ ಎಂಬ ನೆಪದಲ್ಲಿ ಅವರು ಕ್ಲೆಮ್ ಅಂಗಡಿಗೆ ಬಂದರು. ಕ್ಲೆಮ್‌ಗೆ ಎಪ್ಪತ್ತು ದಾಟಿದೆ, ಕಣ್ಣು ಮಂಜಾಗುತ್ತಿದೆ. ಸೂಜಿಗೆ ದಾರ ಪೋಣಿಸಲಾಗದೆ ಅವರು ಸೂಜಿಗೇ ಬೈಯುತ್ತಾ ಕುಳಿತಿದ್ದರು. ಡೆಲ್ಮಾ ಸೂಜಿ ಕಿತ್ತುಕೊಂಡು ಪೋಣಿಸಿಕೊಟ್ಟರು. ಮರುದಿನವೂ ಬಂದರು. ಮೂರನೆಯ ದಿನ, "ಇದನ್ನ ನನಗೆ ಕಲಿಸು," ಎಂದರು.

"ಈ ವಯಸ್ಸಲ್ಲಾ?" ಎಂದು ನಕ್ಕರಂತೆ ಕ್ಲೆಮ್.

"ನಿನ್ನ ವಯಸ್ಸು ಇನ್ನೂ ಜಾಸ್ತಿ ಕಣಯ್ಯಾ. ನೀನು ಬಿಡ್ತಾ ಇದೀಯ, ನಾನು ಹಿಡ್ಕೋತೀನಿ. ಅಷ್ಟೇ ವ್ಯತ್ಯಾಸ."

ಕ್ಲೆಮ್ ಒಂದು ಷರತ್ತು ಇಟ್ಟರು. ಈ ಸಲ ಉಣ್ಣೆ ಕತ್ತರಿಸುವ ಕಾಲ ಶುರುವಾಗುವುದರೊಳಗೆ ತಾನು ಒಪ್ಪುವಂಥ ಒಂದೇ ಒಂದು ಕಡಗ ಮಾಡಿ ತೋರಿಸಬೇಕು. ಚಾಟಿ ಬೇಡ, ಬೆಲ್ಟು ಬೇಡ, ಕಡಗ. ಏಕೆಂದು ಕೇಳಿದರೆ ಕ್ಲೆಮ್ ಗಂಭೀರವಾಗುತ್ತಾರೆ. "ಚಾಟಿಯ ತಪ್ಪು ಕುದುರೆಗೂ ಗೊತ್ತಾಗಲ್ಲ. ಕಡಗ ಹಾಗಲ್ಲ. ಊಟಕ್ಕೆ ಕೂತ್ರೂ ಕಣ್ಮುಂದೆ, ಮಲಗಿದ್ರೂ ಕೆನ್ನೆ ಕೆಳಗೆ. ಅದಕ್ಕೇ ಹೆಣೆದವರೇ ಒಂದು ವಾರ ಹಾಕ್ಕೋಬೇಕು, ಯಾವ ಕೆಲಸಕ್ಕೂ ಬಿಚ್ಚಬಾರದು. ನಮ್ಮ ಗುರುಗಳು ನನಗೂ ಹಂಗೇ ಮಾಡಿದ್ರು. ನನ್ನ ಮೊದಲನೇದು ಎರಡೇ ದಿನಕ್ಕೆ ಬಿಚ್ಕೊಂಡು ಸಾರಿನೊಳಗೆ ಬಿತ್ತು."

ಡೆಲ್ಮಾರ ಮೊದಲ ಕಡಗ ವಾರದ ಮಾತಿರಲಿ, ಮಣಿಕಟ್ಟಿನವರೆಗೂ ಬರಲಿಲ್ಲ. ಹೊಟ್ಟೆಯ ಭಾಗದ ಚರ್ಮ ಜಗ್ಗುತ್ತದೆ, ಕತ್ತರಿಸಿದ ಮೇಲೆ ಎಳೆಯನ್ನು ಎಳೆದು ಹಿಗ್ಗಿಸಿ ಮತ್ತೆ ಸಮ ಮಾಡಬೇಕು. ಅದನ್ನು ಅವರು ಮಾಡಿರಲಿಲ್ಲ, ಹೆಣಿಗೆ ಹಳೇ ಕಾಲುಚೀಲದಂತೆ ಸಡಿಲವಾಯಿತು. ಎರಡನೆಯದು ಹಾವಿನಂತೆ ತಿರುಚಿಕೊಂಡಿತು. ದೊಡ್ಡ ಪಾತ್ರೆಗಳನ್ನು ಎತ್ತಿ ಎತ್ತಿ ಬಲಗೈ ಗಟ್ಟಿಯಾಗಿದೆ, ಬಲದ ಎಳೆಗಳೆಲ್ಲ ಬಿಗಿ, ಎಡದವು ಸಡಿಲ. "ನಿನ್ನ ಬಲಗೈ ಎಡಗೈ ಮೇಲೆ ದರ್ಬಾರು ಮಾಡ್ತಿದೆ," ಎಂದು ಕ್ಲೆಮ್ ಅದನ್ನು ಕತ್ತರಿಸಿ ಬುಟ್ಟಿಗೆ ಎಸೆದರು. ಡೆಲ್ಮಾ ಎಡಗೈಯಲ್ಲಿ ಹಲ್ಲುಜ್ಜಲು ಶುರುಮಾಡಿದರು. ಆಲೂಗಡ್ಡೆ ಹೆರೆಯುವುದೂ ಎಡಗೈಯಲ್ಲೇ. ಒಮ್ಮೆ ಬೆರಳೂ ಹೆರೆದುಕೊಂಡರು.

ಆಮೇಲಿನದು ಮಾತ್ರ ಊರಿಗೆಲ್ಲ ಗೊತ್ತಿರುವ ಕತೆ. ಹೆಣೆಯುವಾಗ ಎಳೆಗಳಿಗೆ ಒಂದು ಲೇಪ ಸವರಬೇಕು. ಸಾಬೂನು, ನೀರು, ಕುರಿಯ ಕೊಬ್ಬು ಕುದಿಸಿ ಮಾಡಿದ್ದು. ಅದಿದ್ದರೆ ಎಳೆ ಜಾರುತ್ತದೆ, ಬಿಗಿ ಕೂರುತ್ತದೆ. ಕ್ಲೆಮ್‌ರ ಡಬ್ಬಿ ಖಾಲಿಯಾಗಿತ್ತು. ಹೇಗೆ ಕಾಯಿಸಬೇಕೆಂದು ಅವರು ಹೇಳಲು ಹೋದರೆ ಡೆಲ್ಮಾ ಬಾಯಿ ಮುಚ್ಚಿಸಿದರು. "ಹೆಣಿಗೆ ನನಗೆ ಹೊಸತು, ಒಪ್ಕೋತೀನಿ. ಕೊಬ್ಬು ಕಾಯಿಸೋದನ್ನ ಈ ಸೀಮೇಲಿ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ."

ಮನೆಗೆ ಹೋದರು. ಒಲೆಯ ಪಕ್ಕದಲ್ಲಿ ಎಂದಿನಂತೆ ಒಂದು ಡಬ್ಬಿ ಇತ್ತು, ಮಾಂಸ ಹುರಿದಾಗ ತಟ್ಟೆಗಿಳಿದ ಕೊಬ್ಬನ್ನು ಬಸಿದಿಡುವ ಡಬ್ಬಿ. ಅಡುಗೆಯವರಿಗೆ ಅದು ಬಂಗಾರ. ಅದನ್ನೇ ಹಾಕಿ ಲೇಪ ಕಾಯಿಸಿದರು. ಬೆಣ್ಣೆಯಂಥ ಲೇಪ ಬಂತು. ಕಡಗವೂ ಮೊದಲ ಬಾರಿಗೆ ನೋಡುವಂತಾಯಿತು. ಕ್ಲೆಮ್ ಬೆರಳಾಡಿಸಿ, "ಹೂಂ. ಹಾಕ್ಕೋ," ಎಂದರು. ಡೆಲ್ಮಾ ಅದನ್ನು ಧರಿಸಿ ಬೀದಿಯ ಎರಡೂ ಬದಿ ನಡೆದು ಬಂದರು.

ಕೆಲವೇ ದಿನದಲ್ಲಿ ಮಣಿಕಟ್ಟಿಗೆ ನವೆ. ಕಡಗದ ಮೇಲೆ ಬೂಸ್ಟು ಹಿಡಿದಂತೆ ಬಿಳಿಪುಡಿ. ಒರೆಸಿದರೆ ಹೋಗುತ್ತದೆ, ಒಣಗಿದರೆ ಮತ್ತೆ ಬರುತ್ತದೆ. ಚರ್ಮ ಸೌದೆಯಂತೆ ಬಿರುಸಾಯಿತು. ಕ್ಲೆಮ್ ಮೂಸಿ ನೋಡಿದರು, ತಿಳಿಯಲಿಲ್ಲ. ಕೊನೆಗೆ ನಾಲಿಗೆಯ ತುದಿಗೆ ತಾಗಿಸಿದರು.

"ಡೆಲ್ಮಾ, ಮಾಂಸಕ್ಕೆ ಉಪ್ಪು ಹಾಕ್ತೀಯಾ?"

"ಹಾಕದೆ ತಿನ್ನೋಕಾಗುತ್ತಾ?" ಎಂದವರೇ ಡೆಲ್ಮಾ ತಲೆ ಮೇಲೆ ಕೈ ಇಟ್ಟುಕೊಂಡರು.

ಆ ಸಂಜೆಯೇ ಸುದ್ದಿ ಪಬ್ ತಲುಪಿತು. ಉಣ್ಣೆ ಕತ್ತರಿಸುವ ಹೇಮಿ ಪಾರಟಾ ಎಂಬ ನ್ಯೂಜಿಲೆಂಡಿನ ಆಳು ಹತ್ತು ವರ್ಷ ಇವರ ಕೈಯಡುಗೆ ಉಂಡವನು. ಅವನು ಮರುದಿನ ಅಂಗಡಿಯ ಕಿಟಕಿಗೆ ತಲೆ ಹಾಕಿ, "ಅಡುಗೆಯಮ್ಮಾ, ಒಂದು ಕಡಗ ಕೊಡು. ಉಪ್ಪು ಸ್ವಲ್ಪ ಕಮ್ಮಿ ಇರಲಿ, ಡಾಕ್ಟರು ಬೇಡ ಅಂದಿದಾರೆ," ಎಂದ. ಡೆಲ್ಮಾ ಕೈಗೆ ಸಿಕ್ಕ ಚರ್ಮದ ಚೂರನ್ನು ಅವನತ್ತ ಬೀಸಿದರು. ನಕ್ಕರು ಕೂಡ. ಆದರೆ ಆ ರಾತ್ರಿ ಬೆರಿಲ್ ಫೋನ್ ಮಾಡಿ ಬಸ್ಸು ಯಾವಾಗ ಹತ್ತುತ್ತೀ ಎಂದಾಗ, ನಾಳೆ ಹೇಳುತ್ತೇನೆ ಎಂದು ಫೋನ್ ಇಟ್ಟುಬಿಟ್ಟರಂತೆ. ಬೇರೆ ಯಾವುದರಲ್ಲಿ ಎಡವಿದ್ದರೂ ಇಷ್ಟು ನೋಯುತ್ತಿರಲಿಲ್ಲ, ತನಗೆ ಬರುತ್ತದೆ ಎಂದುಕೊಂಡಿದ್ದರಲ್ಲೇ ಎಡವಿದ್ದು ಎಂದು ಡೆಲ್ಮಾ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

"ಅಳು ಬಂತಾ ಅಂತೀರಾ? ಹೂಂ, ಅತ್ತುಬಿಟ್ಟೆ. ಆಮೇಲೆ ಎದ್ದು ಡಬ್ಬಿ ತೊಳೆದೆ."

ಮುಂಜಾನೆಯೇ ಕಟುಕನ ಅಂಗಡಿಗೆ ಹೋಗಿ ಹಸಿ ಕೊಬ್ಬು ತಂದರು. ಸಣ್ಣ ಉರಿಯಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿದರು. ಈ ಸಲ ಕ್ಲೆಮ್ ಪಕ್ಕದಲ್ಲಿ ಕುಳಿತು ಹೇಳುತ್ತಿದ್ದರು, ಡೆಲ್ಮಾ ಎದುರಾಡದೆ ಕೇಳುತ್ತಿದ್ದರು. ಈಗ ಕೈಯಲ್ಲಿರುವ ಕಡಗ ಆ ಲೇಪದ್ದು. ಇದನ್ನು ಹಾಕಿಕೊಂಡೇ ಅವರು ಪಾತ್ರೆ ತೊಳೆದಿದ್ದಾರೆ, ಕೋಳಿಗೂಡು ಬಳಿದಿದ್ದಾರೆ, ಹಿಟ್ಟು ನಾದಿದ್ದಾರೆ, ಅಂಗಳದ ಮುಳ್ಳುಗಿಡ ಕಿತ್ತಿದ್ದಾರೆ.

ಬೇಕರಿಯ ಬಾಗಿಲು ತೆರೆದ ಸದ್ದಾಗುತ್ತದೆ. ಅದರ ಹಿಂದೆಯೇ ಕ್ಲೆಮ್ ಬರುತ್ತಾರೆ, ಟೋಪಿ ಮೊಳೆಗೆ ಸಿಕ್ಕಿಸಿ ಕೈ ಚಾಚುತ್ತಾರೆ. ಡೆಲ್ಮಾ ಗಂಟನ್ನು ಕುಣಿಕೆಯಿಂದ ಬಿಡಿಸಿ ಕಡಗ ಕೊಡುತ್ತಾರೆ. ಅದಿದ್ದ ಜಾಗದಲ್ಲಿ ಬಿಸಿಲು ತಾಗದೆ ಕೈ ಬೆಳ್ಳಗಿದೆ. ಕ್ಲೆಮ್ ಕಣ್ಣು ಮುಚ್ಚಿಕೊಂಡು ಹೆಬ್ಬೆರಳಲ್ಲಿ ಹೆಣಿಗೆಯುದ್ದಕ್ಕೂ ಹೋಗುತ್ತಾರೆ, ಎಳೆಯ ತುದಿ ಎಲ್ಲಿ ಅಡಗಿದೆ ಎಂದು ಉಗುರಲ್ಲಿ ಹುಡುಕುತ್ತಾರೆ. ಸಿಗುವುದಿಲ್ಲ. ಕೊಕ್ಕೆಗೆ ಹಾಕಿ ಮೈಭಾರ ಬಿಟ್ಟು ಜಗ್ಗುತ್ತಾರೆ. ಡೆಲ್ಮಾ ಸ್ಟೂಲು ಬಿಟ್ಟು ಎದ್ದು ನಿಂತಿದ್ದಾರೆ, ಮಂಡಿ ನೋಯುತ್ತಿರುವುದೂ ನೆನಪಿದ್ದಂತಿಲ್ಲ.

"ಗಂಟು ಒಂದು ಕಡೆ ವಾಲಿದೆ," ಎನ್ನುತ್ತಾರೆ ಕ್ಲೆಮ್.

"ಗೊತ್ತು. ಬಿಚ್ಚಿ ಮತ್ತೆ ಹಾಕ್ತೀನಿ."

"ಸುಮ್ನೆ ಬಿಚ್ಚಿ ಹಾಳು ಮಾಡಬೇಡ. ಮುಂದಿನದರಲ್ಲಿ ನೆಟ್ಟಗೆ ಹಾಕು."

ಮುಂದಿನದು ಎಂದರೆ ಏನೆಂದು ಡೆಲ್ಮಾ ಕೇಳುವಷ್ಟರಲ್ಲಿ ಕ್ಲೆಮ್ ಗೋಡೆಯ ಫೋನು ಎತ್ತಿಕೊಂಡು, ಅಂಕಿಗಳ ಹತ್ತಿರಕ್ಕೆ ಕಣ್ಣು ತಂದು ಒತ್ತುತ್ತಾರೆ. ಆ ಕಡೆ ನಗರದ ಕಾಫಿ ಅಂಗಡಿಯವರು. ಕ್ಲೆಮ್ ನಮಸ್ಕಾರವನ್ನೂ ಹೇಳುವುದಿಲ್ಲ. "ಆ ಬೆಂಚು ಕೊಡೋಕಾಗಲ್ಲ ಸ್ವಾಮಿ. ಇಲ್ಲ, ಮುರಿದಿಲ್ಲ. ಅದರ ಮುಂದೆ ಒಬ್ಬರು ಕೂತು ಕೆಲಸ ಮಾಡ್ತಿದಾರೆ."

ಡೆಲ್ಮಾ ಕಿಟಕಿಯ ಕಡೆ ತಿರುಗಿ ಮೂಗೊರೆಸಿಕೊಳ್ಳುತ್ತಾರೆ. ಆಮೇಲೆ ಸ್ಟೂಲಿನ ಮೇಲೆ ಕುಳಿತು, ಬೆಳಿಗ್ಗೆ ಕತ್ತರಿಸಿದ ಎಳೆಯನ್ನು ಹಿಗ್ಗಿಸಲು ತೊಡಗುತ್ತಾರೆ. ಎಡಗೈ ಬಲಗೈ ಎರಡೂ ಒಂದೇ ಸಮ ಎಳೆಯುತ್ತಿವೆ. ಬೆರಿಲ್‌ಗೆ ಏನು ಹೇಳುತ್ತೀರಿ ಎಂದರೆ, ಸಮುದ್ರ ನೋಡಲು ಹಬ್ಬಕ್ಕೆ ಬರುತ್ತೇನೆ ಎಂದು ಹೇಳುವುದಂತೆ. ಇಷ್ಟೆಲ್ಲ ಪಟ್ಟು ಹಿಡಿದು ಕಲಿಯುವಂಥದ್ದು ಇದರಲ್ಲಿ ಏನಿದೆ ಎಂದು ಕೇಳಿದಾಗ ಮಾತ್ರ ಅವರ ಕೈ ಒಂದು ಕ್ಷಣ ನಿಲ್ಲುತ್ತದೆ.

"ಇಷ್ಟು ವರ್ಷ ನಾನು ಏನೇ ಮಾಡಿದ್ರೂ ಅರ್ಧ ಗಂಟೇಲಿ ತಟ್ಟೆ ಖಾಲಿ. ಚೆನ್ನಾಗಿತ್ತು ಅಂತ ಎದ್ದು ಹೋಗೋರು, ನಾನು ತೊಳೆಯೋಕೆ ಕೂರ್ತಿದ್ದೆ. ಇದು ಹಂಗಲ್ಲ. ನಾನು ಮಾಡಿದ್ದು ನಾಳೆ ಬೆಳಿಗ್ಗೇನೂ ಇರುತ್ತೆ."