ಕುರ್ಚಿ ಒರೆಸುವ ಕಾಂತಪ್ಪ

ನಮ್ಮ ಮರಾಠಿ ಕಲಿಸೋ ಕ್ಲಾಸಿನಾಗ, ಪಾತ್ರ ಹಾಕಿ ಮಾತಾಡುವಾಗ, ಹೋಟೆಲ್ ಕಾಂತಪ್ಪನವರಿಗೆ ಜೋಡಿಯಾಗಾಕ ಎಲ್ಲಾರೂ ಅಂಜತಾರ. ಡಾಕ್ಟರ್ ಪಾತ್ರ ಕೊಟ್ರೂ, ಕಂಡಕ್ಟರ್ ಪಾತ್ರ ಕೊಟ್ರೂ ಅವರು ಕೇಳೋದು ಒಂದ: "ಇಲ್ಲೇ ತಿಂತೀರಾ, ಪಾರ್ಸಲ್ಲಾ?" ಕೂಡ್ರಿ ಅಂದ್ರ ಹೆಗಲ ಮ್ಯಾಲಿನ ಟವೆಲ್ಲಿಂದ ಕುರ್ಚಿ ಒರಸಿ ನಮ್ಮ ಕಡೆ ಸರಸತಾರ. ನಾಳೆ ಅವರು ಮರಾಠಿ ಬೀಗರ ಮನಿಗೆ ಹೋಗಿ, ಮಗಳು ಭವ್ಯಶ್ರೀನ್ನ ಬಾಣಂತನಕ್ಕ ಕಳಸ್ರಿ ಅಂತ ಕೇಳಬೇಕು. ಬೀಗತಿ ಒಮ್ಮೆ ಆಗೂದಿಲ್ಲ ಅಂದಾಳ. ಅದಕ್ಕ ಟೀಚರ್ ಇವತ್ತ ಬೀಗತಿ ಪಾತ್ರ ನನಗ ಕೊಟ್ರು. "ಬಸಾ," ಅಂತ ಮರಾಠಿಯೊಳಗ ಕೂಡಾಕ ಹೇಳಿದೆ, ಅವರು ಕುರ್ಚಿ ಒರಸಿದ್ರು. "ಕುರ್ಚಿ ಸವದೀತು, ಕೂಡ್ರಿ ಅಣ್ಣಾ!" ಅಂದೆ. ಮತ್ತ ಒರಸಿದ್ರು. ನಾ ಟವೆಲ್ ಇಸಗೊಂಡೆ. ಖಾಲಿ ಕೈ ಎಲ್ಲಿಡಬೇಕು ತಿಳೀದ ಅವರು ಕುರ್ಚಿ ತುದಿಗೆ ಕುಂತು, ಸಣ್ಣ ದನಿಲೆ, ತಪ್ಪಿಲ್ಲದ ಮರಾಠಿಯೊಳಗ ಮಗಳನ್ನ ಕಳಸ್ರಿ ಅಂತ ಕೇಳಿದ್ರು. ಕ್ಲಾಸ್ ಪೂರಾ ನನ್ನ ಬಾಯಿ ನೋಡಾಕತ್ತಿತು. ಹೂಂ ಅನ್ನಾಕ ನಾ ಖರೇ ಬೀಗತಿ ಅಲ್ಲ.