ನೀಲಿ ಗೆರೆಯ ಕೆಳಗೆ

ಉಮಾಶ್ರೀಗೆ ಆಶಿಷನ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು ಒಂದು ಲೋಟ ಚಹಾದಿಂದ.

ಧಾರವಾಡದ ಮಾಳಮಡ್ಡಿಯಲ್ಲಿ ಯಜ್ಞೇಶ್ವರ ಸರ್ ಪ್ರತಿ ಭಾನುವಾರ ಪಾಠ ಹೇಳುತ್ತಿದ್ದರು. ಬೇರೆ ಬೇರೆ ಊರುಗಳಲ್ಲಿ ವಿಮಾನ ಹಾರಿಸಿ, ಹಾರಿಸುವುದನ್ನು ಕಲಿಸಿ, ನಿವೃತ್ತರಾಗಿ ಊರಿಗೆ ಮರಳಿದ ಮನುಷ್ಯ. ಪೈಲಟ್ ಪರೀಕ್ಷೆಗೆ ಓದುವ ನಾಲ್ಕಾರು ಜನ ಅವರ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೂಡುತ್ತಿದ್ದರು. ನಡುವೆ ಅವರ ಹೆಂಡತಿ ಲಕ್ಷ್ಮೀಬಾಯಿ ತಟ್ಟೆಯಲ್ಲಿ ಚಹಾ ತಂದಿಡುವರು. ಯಾರಿಗೆ ಬೇಕೋ ಅವರು ಎತ್ತಿಕೊಳ್ಳಬೇಕು. ಉಮಾಶ್ರೀ ವರ್ಷಗಟ್ಟಲೆ ಹಾಗೆಯೇ ಎತ್ತಿಕೊಂಡು ಕುಡಿದವಳು. ಪರೀಕ್ಷೆ ಮುಗಿಸಿ ಲೈಸೆನ್ಸ್ ಪಡೆದ ಮೇಲೂ, ಹುಬ್ಬಳ್ಳಿಯಿಂದ ಬಸ್ಸು ಹಿಡಿದು ಭಾನುವಾರ ತಪ್ಪದೆ ಬರುತ್ತಿದ್ದಳು. ಆಶಿಷ್ ಬಂದ ಮೊದಲ ದಿನ ಸರ್ ತಾವೇ ಎದ್ದು ಒಂದು ಲೋಟ ಎತ್ತಿ ಅವನ ಕೈಗೆ ಕೊಟ್ಟರು. ಬೇರೆ ಯಾರೂ ಅದನ್ನು ಗಮನಿಸಲಿಲ್ಲ. ಅವಳು ಗಮನಿಸಿದಳು.

ಉಮಾಶ್ರೀಯದು ದೇಶಪಾಂಡೆ ನಗರದ ಹತ್ತಿ ವ್ಯಾಪಾರಿಗಳ ಮನೆ. ಬೆಳಿಗ್ಗೆ ಲಿಂಗಪೂಜೆಯಾಗದೆ ಯಾರೂ ನೀರು ಮುಟ್ಟದ ಮನೆಯಿಂದ ಒಬ್ಬ ಹುಡುಗಿ ವಿಮಾನ ಕಲಿಯಲು ಹೊರಟಾಗ ಬೀಗರು ನಕ್ಕಿದ್ದರು. ಅಪ್ಪ ಮಾತ್ರ, “ಕಾರ್ ಕಲಿಯಾಗ ಕಂಪೌಂಡ್ ಕೆಡವಿದಾಕಿ ನೀ, ಮ್ಯಾಲೆ ಕಂಪೌಂಡ್ ಇರೂದಿಲ್ಲ, ಹೋಗು” ಎಂದು ಕಳಿಸಿಕೊಟ್ಟಿದ್ದ. ಅವನು ತೀರಿಕೊಂಡ ಮೇಲೆ ಮನೆಯಲ್ಲಿ ಅವಳು ಮತ್ತು ತಾಯಿ ಚನ್ನಬಸವ್ವ ಇಬ್ಬರೇ. ಉಮಾಶ್ರೀ ಕಷ್ಟಪಟ್ಟು ಕಲಿತವಳು. ಒಂದು ಪಾಠ ತಿಳಿಯದಿದ್ದರೆ ತಿಳಿಯುವ ತನಕ ಬಿಡುತ್ತಿರಲಿಲ್ಲ. ಅವಳ ಇಳಿಕೆಗಳು ಚೊಕ್ಕಟವಾಗಿದ್ದವು, ಆದರೆ ನೋಡಿದವರು ‘ಆಹಾ’ ಎನ್ನುವಂಥವಲ್ಲ.

ಆಶಿಷನದು ಬೇರೆ ಬಗೆ. ಅವನ ಅಜ್ಜ ಶಾಲೆಯ ಹೆಡ್‌ಮಾಸ್ತರ, ತಾಯಿ ಸಂಗೀತದ ಟೀಚರು. ಉಮಾಶ್ರೀಗಿಂತ ನಾಲ್ಕು ವರ್ಷ ಚಿಕ್ಕವನು. ಬಂದ ತಿಂಗಳಲ್ಲಿಯೇ ಅಡುಗೆಮನೆಯೊಳಗೆ ಹೋಗಿ ಲಕ್ಷ್ಮೀಬಾಯಿಯವರ ಡಬ್ಬಿಯಿಂದ ಅವಲಕ್ಕಿ ತಿನ್ನುವಷ್ಟು ಸಲಿಗೆ ಬೆಳೆಸಿಕೊಂಡ. ಸರ್ ಅವನನ್ನು ‘ಆಶ್ಯಾ’ ಎನ್ನುತ್ತಿದ್ದರು. ಅವಳನ್ನು ಮಾತ್ರ ಮೊದಲಿನಿಂದಲೂ ಪೂರ್ತಿ ಹೆಸರಿನಿಂದ ಕರೆದರು.

“ಅವನ ಕೈ ನೋಡ್ರಿ,” ಎಂದು ಒಮ್ಮೆ ಎಲ್ಲರ ಎದುರಿಗೆ ಹೇಳಿದ್ದರು. “ಕಲಿಸಿ ಬರೂ ಕೈ ಅಲ್ಲ ಅದು. ಹುಟ್ಟಿನಿಂದ ಬಂದದ್ದು.”

ಹಾಗಾದರೆ ಕಲಿತು ಬಂದ ಕೈ ಏನು ಪಾಪ ಮಾಡಿತ್ತು ಎಂದು ಉಮಾಶ್ರೀ ಹುಬ್ಬಳ್ಳಿ ತಲುಪುವವರೆಗೂ ಬಸ್ಸಿನಲ್ಲಿ ಮನಸ್ಸಿನಲ್ಲೇ ಜಗಳವಾಡಿದಳು.

ಇಬ್ಬರಿಗೂ ಕೆಲಸ ಸಿಕ್ಕಿದ್ದು ಒಂದೇ ಕಡೆ. ಬೀಜದ ವ್ಯಾಪಾರದಲ್ಲಿ ಬೆಳೆದ ಶಂಭುಲಿಂಗ ಎಂಬವನು ಹುಬ್ಬಳ್ಳಿಯಲ್ಲಿ ಬಾಡಿಗೆ ವಿಮಾನಗಳ ಸಣ್ಣ ಕಂಪನಿ ತೆಗೆದಿದ್ದ. ಮೊದಲು ಒಂಟಿ ಎಂಜಿನ್ನಿನ ವಿಮಾನ; ಆಮೇಲೆ ಎರಡು ರೆಕ್ಕೆಗೂ ಒಂದೊಂದು ಎಂಜಿನ್ ಇರುವ, ಆರು ಜನ ಕೂಡುವ ವಿಮಾನ. ಅದು ಬಂದಾಗ ಶಂಭುಲಿಂಗ ಅದಕ್ಕೆ ಹೂವಿನ ಮಾಲೆ ಹಾಕಿ, “ಎರಡ ಎಂಜಿನ್ ಅದಾವು, ಒಂದ ಕೈ ಕೊಟ್ರ ಇನ್ನೊಂದು. ಇನ್ನ ಹೆದರಿಕಿ ಇಲ್ಲ” ಎಂದು ಸಿಹಿ ಹಂಚಿದ.

ಮುಂದಿನ ಭಾನುವಾರ ಸರ್ ಈ ಮಾತಿನಿಂದಲೇ ಪಾಠ ಶುರುಮಾಡಿದರು.

“ಹೆದರಿಕಿ ಅಲ್ಲೇ ಅದ,” ಎಂದರು. “ಒಂದು ಎಂಜಿನ್ ನಿಂತ್ರ ಅರ್ಧಾ ಶಕ್ತಿ ಹೋತು ಅಂತ ಲೆಕ್ಕಾ ಹಾಕಬ್ಯಾಡ್ರಿ. ಹಾರಲಿಕ್ಕೇ ಅರ್ಧಾ ಶಕ್ತಿ ಬೇಕು. ಮ್ಯಾಲೆ ಏರಲಿಕ್ಕೆ ಉಳಿಯೂದು ಚೂರು, ಬಿಸಲಾಗ, ಭಾರ ಇದ್ದಾಗ ಅದೂ ಇಲ್ಲ. ಇನ್ನ ನಡದಿದ್ದ ಎಂಜಿನ್ ಏನು ಮಾಡ್ತದ? ಒಂದೇ ಕಡೆಯಿಂದ ಜಗ್ಗತದ. ನೀವು ಕಾಲಿಲೆ ಪೆಡಲ್ ಒತ್ತಿ ನೆಟ್ಟಗ ಹಿಡೀಬೇಕು. ವೇಗ ಇರೂತನಕ ಹಿಡೀಬಹುದು. ವೇಗ ಕಡಿಮಿ ಆತು, ಬಾಲದಾಗ ಜೀವ ಇರೂದಿಲ್ಲ, ಛಲೋ ಎಂಜಿನ್ನೇ ವಿಮಾನ ಬೋರಲು ಹಾಕತದ.”

ವೇಗ ತೋರುವ ಗಡಿಯಾರದ ಮೇಲೆ ಎರಡು ಗೆರೆಗಳಿರುತ್ತವೆ, ಒಂದು ನೀಲಿ, ಅದರ ಕೆಳಗೆ ಒಂದು ಕೆಂಪು. ಒಂದೇ ಎಂಜಿನ್ನಿನಲ್ಲಿ ಹಾರುವಾಗ ಮುಳ್ಳು ನೀಲಿಯ ಮೇಲಿರಬೇಕು. ಕೆಂಪಿನ ಕೆಳಗೆ ಇಳಿದರೆ ವಿಮಾನ ಪೈಲಟನ ಮಾತು ಕೇಳುವುದಿಲ್ಲ. ಸರ್ ಅಂದು ಸತ್ತವರ ಕಥೆಗಳನ್ನೇ ಹೇಳಿದರು. ಗಾಬರಿಯಲ್ಲಿ ನಡೆಯುತ್ತಿದ್ದ ಎಂಜಿನ್ನನ್ನೇ ಬಂದ್ ಮಾಡಿದವನೊಬ್ಬ. ಒಂದು ಟಾಕಿಯಲ್ಲಿ ಎಣ್ಣೆ ತುಂಬಿದ್ದರೂ ಇನ್ನೊಂದರ ಮೇಲೆಯೇ ಹಾರಿ, ಎರಡೂ ಎಂಜಿನ್ ಕೆಟ್ಟವೆಂದು ತಿಳಿದವನೊಬ್ಬ. ಎರಡಿವೆಯಲ್ಲ ಎಂಬ ಧೈರ್ಯದಿಂದ ಘಟ್ಟದ ಮೋಡದೊಳಗೆ ನುಗ್ಗಿದವನೊಬ್ಬ. ಎಲ್ಲರಿಗಿಂತ ಹೆಚ್ಚಾಗಿ, ಏರುವಾಗಲೇ ಎಂಜಿನ್ ಹೋದರೂ ವಿಮಾನ ಉಳಿಸಲು ಮೂಗು ಎತ್ತಿ ಹಿಡಿದು, ತಿರುಗಿ ರನ್‌ವೇಗೆ ಬರಲು ಹೋದವರು.

“ಅವರಾಗ ದಡ್ಡರು ಕಡಿಮಿ,” ಎಂದರು ಸರ್. “ತಮ್ಮ ಕೈ ಮ್ಯಾಲೆ ಬಾಳ ನಂಬಿಗಿ ಇದ್ದವರೇ ಹೆಚ್ಚು.”

ಕಂಪನಿಯಲ್ಲಿ ಹಳಬಳು ಉಮಾಶ್ರೀ. ಹೆಚ್ಚು ಗಂಟೆ ಹಾರಿದವಳೂ ಅವಳೇ. ಹೊಸ ವಿಮಾನದ ಕ್ಯಾಪ್ಟನ್ ತಾನೇ ಎಂದು ಅವಳು ನಂಬಿದ್ದಳು. ಚನ್ನಬಸವ್ವ ಮಠಕ್ಕೆ ಹೋಗಿ ಹೇಳಿಯೂ ಬಂದಿದ್ದಳು. ಆದರೆ ಶಂಭುಲಿಂಗ ಸಲಹೆ ಕೇಳಿದ್ದು ಯಜ್ಞೇಶ್ವರ ಸರ್ ಅವರನ್ನು, ಅವರು ಹೇಳಿದ್ದು ಆಶಿಷನ ಹೆಸರು. ಉಮಾಶ್ರೀಗೆ ಬಲಗಡೆಯ ಸೀಟು ಸಿಕ್ಕಿತು, ಅಂದರೆ ಸಹಾಯಕ ಪೈಲಟ್‌ನದು.

ಆಶಿಷ್ ಪೇಢೆಯ ಡಬ್ಬಿ ಹಿಡಿದುಕೊಂಡು ಮನೆಗೆ ಬಂದ. “ಉಮಕ್ಕಾ, ನೀ ಬಾಜೂಕ ಇದ್ರ ನನಗ ಧೈರ್ಯ” ಎಂದ. ಅವನ ಮುಖದಲ್ಲಿ ಕಪಟವಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಸುಟ್ಟಿತು. ಅವನು ಕೆಟ್ಟವನಾಗಿದ್ದರೆ ದ್ವೇಷಿಸುವುದು ಸುಲಭವಿತ್ತು.

ಬಲಗಡೆಯ ಸೀಟಿನಲ್ಲಿ ಕೂತವಳಿಗೆ ನೋಡುವುದೇ ಕೆಲಸ. ಅವಳು ನೋಡಿದಳು. ಅವನ ತಪ್ಪು ಹುಡುಕಲೆಂದೇ ನೋಡಿದಳು, ಅದನ್ನು ತನ್ನಿಂದ ತಾನೇ ಮುಚ್ಚಿಟ್ಟುಕೊಳ್ಳಲಿಲ್ಲ. ಬಹಳ ದಿನ ಏನೂ ಸಿಗಲಿಲ್ಲ. ಒಂದು ಬೆಳಿಗ್ಗೆ ನವಲಗುಂದದ ಕಡೆ ಎತ್ತರದಲ್ಲಿ ಅಭ್ಯಾಸಕ್ಕೆಂದು ಅವಳು ಒಂದು ಎಂಜಿನ್ನನ್ನು ತಗ್ಗಿಸಿದಳು. ಆಶಿಷ್ ಪೆಡಲ್ ಒತ್ತಿದ, ವಿಮಾನ ನೆಟ್ಟಗಾಯಿತು, ಎಲ್ಲ ಸರಿ. ಆದರೆ ಎತ್ತರ ಇಳಿಯಬಾರದೆಂದು ಅವನು ಮೂಗನ್ನು ಮೆಲ್ಲಗೆ ಮೇಲೆತ್ತಿ ಹಿಡಿದಿದ್ದ. ಮುಳ್ಳು ನೀಲಿ ಗೆರೆ ದಾಟಿ ಕೆಳಗೆ ಸರಿಯಿತು. ಕೆಂಪಿನ ಹತ್ತಿರ ಹೋದಾಗ ಅವಳೇ ತಗ್ಗಿಸಿದ ಎಂಜಿನ್ನಿಗೆ ಮತ್ತೆ ಶಕ್ತಿ ಕೊಟ್ಟಳು. ಮರುದಿನವೂ ಹಾಗೆಯೇ.

“ಮೂಗು ಇಳಸೋ, ವೇಗ ಹೊಂಟೈತಿ,” ಎಂದಳು.

ಅವನು ನಕ್ಕ. “ಇಳಸಿದ್ರ ಯಾರದರೇ ಹೊಲದಾಗ ಇಳೀಬೇಕಾಗ್ತದ, ಉಮಕ್ಕಾ. ವಿಮಾನ ಮನೀಗೆ ತರಬೇಕಲ್ಲಾ.”

ಉಮಾಶ್ರೀಗೆ ಆದದ್ದು ಭಯವಲ್ಲ. ಕೊನೆಗೂ ಸಿಕ್ಕಿತು ಎಂಬ ಹಿಗ್ಗು. ಅದೇ ಹಿಗ್ಗಿನಲ್ಲಿ, ಭಾನುವಾರಕ್ಕೂ ಕಾಯದೆ ಅವಳು ಧಾರವಾಡಕ್ಕೆ ಹೋದಳು. ಸರ್ ಅಂಗಳದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದರು. ನಿಂತ ನಿಲುವಿನಲ್ಲಿಯೇ ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಮಾತು ಬೇರೆ ಕಡೆ ಹೊರಳಿತು.

“ಹುಟ್ಟಿನಿಂದ ಬಂದ ಕೈ ಅಂದ್ರಿ. ಆ ಕೈಗೆ ನೀಲಿ ಗೆರಿ ಕಾಣಾಂಗಿಲ್ಲರಿ, ಸರ್. ನೀವ ಅವನ್ನ ತಲಿ ಮ್ಯಾಲೆ ಕುಂದರ್ಸಿಕೊಂಡೀರಿ. ನಾ ಇಷ್ಟ ವರ್ಷ ದುಡದದ್ದು ನಿಮಗ ಕಾಣಲೇ ಇಲ್ಲ.”

ಸರ್ ನೀರಿನ ತಂಬಿಗೆಯನ್ನು ಕೆಳಗಿಟ್ಟರು.

“ಉಮಾಶ್ರೀ, ನೀ ಹೇಳಿದ್ದು ವಿಮಾನದ ಮಾತೋ, ನಿನ್ನ ಮಾತೋ?”

ಎರಡೂ ಆಗಿತ್ತು. ಯಾವುದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಅವಳಿಗೇ ತಿಳಿದಿರಲಿಲ್ಲ.

“ಹೊಟ್ಟಿಕಿಚ್ಚು ಕಣ್ಣಾಗ ಕೂತಿತಂದ್ರ ಎಲ್ಲಾ ತಪ್ಪೇ ಕಾಣಸ್ತದವಾ. ಹೋಗು, ಮನೀಗೆ ಹೋಗು,” ಎಂದರು ಸರ್, ಸಿಟ್ಟಿಲ್ಲದೆ. ಸಿಟ್ಟು ಮಾಡಿದ್ದರೆ ಅವಳು ವಾದಿಸುತ್ತಿದ್ದಳು. ತಲೆ ತಗ್ಗಿಸಿ ಹೊರಗೆ ಬಂದಳು. ಮತ್ತೆ ಯಾರ ಮುಂದೆಯೂ ಆ ಮಾತು ಎತ್ತಲಿಲ್ಲ. ಎತ್ತಿದರೆ ಶಂಭುಲಿಂಗನೂ ಅದನ್ನೇ ಅಂದುಕೊಳ್ಳುವನು ಎನಿಸಿತು.

ಆ ವರ್ಷದ ಏಪ್ರಿಲ್‌ನಲ್ಲಿ ಆಶಿಷ್ ಸತ್ತ. ಪಕ್ಕದ ರಾಜ್ಯದ ಒಂದು ಸಣ್ಣ ವಿಮಾನತಳದಲ್ಲಿ ಪ್ರಯಾಣಿಕರನ್ನು ಇಳಿಸಿ, ಒಬ್ಬನೇ ಮರಳಿ ಹೊರಟಿದ್ದ; ಉಮಾಶ್ರೀ ಅಂದು ಒಂಟಿ ಎಂಜಿನ್ನಿನ ವಿಮಾನದಲ್ಲಿ ಬೇರೆ ಕಡೆ ಹೋಗಿದ್ದಳು. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಎಡಗಡೆಯ ಎಂಜಿನ್ ನಿಂತಿತು. ನೋಡಿದವರು ಹೇಳಿದ ಪ್ರಕಾರ, ವಿಮಾನ ಮೂಗು ಎತ್ತಿಕೊಂಡೇ ಎಡಕ್ಕೆ ತಿರುಗತೊಡಗಿತು. ಆಮೇಲೆ ಒಮ್ಮೆಲೇ ಮಗ್ಗುಲು ಹೊರಳಿ, ಬೋರಲಾಗಿ ಬಿತ್ತು. ಮುಂದೆ, ನೆಟ್ಟಗೆ ಇಳಿಯಬಹುದಾಗಿದ್ದ ಬಯಲಿತ್ತು.

ಸುದ್ದಿ ಕೇಳಿ ಉಮಾಶ್ರೀ ಅತ್ತಳು. ಅವನ ನಗು, ಪೇಢೆಯ ಡಬ್ಬಿ ಎಲ್ಲ ನೆನಪಾಗಿ ನಿಜವಾಗಿಯೇ ಅತ್ತಳು. ಆದರೆ ಮಾಳಮಡ್ಡಿಗೆ ಹೋದಾಗ ಅಲ್ಲಿ ಕಂಡದ್ದು ಅವಳ ಅಳುವನ್ನು ನಿಲ್ಲಿಸಿತು. ಯಜ್ಞೇಶ್ವರ ಸರ್ ಗೋಡೆಗೆ ಒರಗಿ ಕೂತು, ಮಗುವಿನ ಹಾಗೆ ಬಾಯಿ ಬಿಟ್ಟು ಅಳುತ್ತಿದ್ದರು. ತಾನು ಸತ್ತಿದ್ದರೆ ಇವರು ಹೀಗೆ ಅಳುತ್ತಿದ್ದರೇ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದರೂ ಆ ಪ್ರಶ್ನೆ ಹೋಗಲಿಲ್ಲ.

ಪಡಸಾಲೆಯ ಗೋಡೆಗೆ ಆಶಿಷನ ಫೋಟೋ ಬಂತು. “ಕಡೀತನಕ ವಿಮಾನ ಉಳಸಲಿಕ್ಕೆ ನೋಡಿದ ಹುಡುಗ,” ಎಂದು ಸರ್ ಹೊಸಬರಿಗೆ ಹೇಳುತ್ತಿದ್ದರು. ವರ್ಷದ ಮೇಲೆ ತನಿಖೆಯ ವರದಿ ಬಂದು, ಎಂಜಿನ್ ನಿಂತದ್ದು ನಿಜ, ಆದರೆ ಸಾವಿಗೆ ಕಾರಣ ವೇಗ ಕಳೆದುಕೊಂಡದ್ದು ಎಂದಿತು. ಸರ್ ಅದನ್ನು ಓದಿ ಪಕ್ಕಕ್ಕೆ ಸರಿಸಿದರು. ಭಾನುವಾರದ ಪಾಠ ನಿಲ್ಲಿಸಿಬಿಟ್ಟರು. ಉಮಾಶ್ರೀಯ ಬಳಿ ಒಂದು ಮಾತೂ ಆಡಲಿಲ್ಲ. ನೀ ಹೇಳಿದ್ದು ಸರಿ ಎಂಬ ಒಂದು ಮಾತಿಗೆ ಅವಳು ಕಾದಳು. ಗೆದ್ದೆ ಎನ್ನಲು ಬರುವಂತಿರಲಿಲ್ಲ. ಗೆಲ್ಲದೆ ಇರಲೂ ಮನಸ್ಸಿರಲಿಲ್ಲ.

ಶಂಭುಲಿಂಗ ಎರಡು ಎಂಜಿನ್ನಿನ ಇನ್ನೊಂದು ವಿಮಾನ ತಂದ. ಈ ಸಲ ಉಮಾಶ್ರೀಯೇ ಕ್ಯಾಪ್ಟನ್. ಬೇರೆ ಯಾರೂ ಇರಲಿಲ್ಲ.

ಆಶಿಷ್ ಸತ್ತ ಎರಡು ವರ್ಷದ ಮೇಲೆ, ಮೇ ತಿಂಗಳ ಒಂದು ಮಧ್ಯಾಹ್ನ, ಲಕಮನಹಳ್ಳಿಯಲ್ಲಿ ಕಾರ್ಖಾನೆ ಇಟ್ಟುಕೊಂಡಿದ್ದ ಶಾಂತಯ್ಯ ಹೆಂಡತಿ ದಾಕ್ಷಾಯಿಣಿಯೊಂದಿಗೆ ಮಗಳ ಹೆರಿಗೆಗೆಂದು ಹೊರಟಿದ್ದ. ಸಾಮಾನು ಬಹಳ, ಟಾಕಿ ತುಂಬ ಎಣ್ಣೆ, ಬಿಸಿಲು ಕಾದ ಹೆಂಚಿನಂತೆ. ಹುಬ್ಬಳ್ಳಿಯ ರನ್‌ವೇ ಬಿಟ್ಟು ಚಕ್ರ ಒಳಗೆ ಸೇರುತ್ತಿದ್ದಂತೆ ಬಲಗಡೆಯ ಎಂಜಿನ್ ಕೆಮ್ಮಿ ನಿಂತಿತು. ವಿಮಾನ ಬಲಕ್ಕೆ ಎಳೆಯಿತು. ಅವಳ ಎಡಗಾಲು ತಾನಾಗಿ ಪೆಡಲಿಗೆ ಹೋಯಿತು. ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನ್ ಸತ್ತಿದೆ ಎಂದರ್ಥ; ಬಲಗಾಲು ಸುಮ್ಮನಿತ್ತು, ಸತ್ತದ್ದು ಬಲಗಡೆಯದೇ ಎಂದು ಖಾತ್ರಿಮಾಡಿಕೊಂಡು ಅದನ್ನು ಬಂದ್ ಮಾಡಿದಳು. ಮುಳ್ಳು ನೀಲಿಯ ಮೇಲೆಯೇ ಇತ್ತು, ಆದರೆ ವಿಮಾನ ಏರುತ್ತಿರಲಿಲ್ಲ. ಮುಂದೆ ಹೊಲಗಳು, ದೂರದಲ್ಲಿ ಮನೆಗಳು. ಎಡಕ್ಕೆ ತಿರುಗಿದರೆ ರನ್‌ವೇ.

ಕೈ ಮೂಗನ್ನು ಎತ್ತಲು ಹೋಯಿತು. ತಿರುಗಿ ರನ್‌ವೇಯ ಮೇಲೆ ಇಳಿಸಿ, ಕೆಳಗಿಳಿದು, ಮಾಳಮಡ್ಡಿಗೆ ಹೋಗಿ ಅವರೆದುರು ನಿಲ್ಲಬೇಕು. ಅವನಿಗೆ ಆಗದ್ದು ನನಗಾಯಿತು ಎನ್ನಬೇಕು. ಆ ಆಸೆ ಎಷ್ಟು ಜೋರಾಗಿತ್ತೆಂದರೆ ಮುಳ್ಳು ನೀಲಿ ಗೆರೆಯಿಂದ ಇಳಿದದ್ದನ್ನು ಅವಳು ಒಂದು ಗಳಿಗೆ ನೋಡುತ್ತಲೇ ಇದ್ದಳು. ಹಿಂದಿನ ಸೀಟಿನಲ್ಲಿ ದಾಕ್ಷಾಯಿಣಿ “ಶಿವ ಶಿವಾ” ಎಂದದ್ದು ಕೇಳಿಸಿತು. ಉಮಾಶ್ರೀ ಮೂಗು ಇಳಿಸಿದಳು. ನಡೆಯುತ್ತಿದ್ದ ಎಂಜಿನ್ನನ್ನೂ ತಗ್ಗಿಸಿ, ಎದುರಿಗೆ ಕಂಡ ಉತ್ತಿದ ಹೊಲಕ್ಕೆ ವಿಮಾನವನ್ನು ಹೊಟ್ಟೆಯ ಮೇಲೆ ಇಳಿಸಿದಳು. ಕರಿಮಣ್ಣಿನ ಹೆಂಟೆಗಳು ಗಾಜಿಗೆ ಬಡಿದವು. ಒಂದು ರೆಕ್ಕೆ ಬೇಲಿಗೆ ಸಿಕ್ಕು ಕಿತ್ತುಹೋಯಿತು. ವಿಮಾನ ನಿಂತಿತು.

ಶಾಂತಯ್ಯನ ಕೈ ಮುರಿದಿತ್ತು. ದಾಕ್ಷಾಯಿಣಿಗೆ ತರಚು ಗಾಯ. ಹೊಲದ ಮಾಳವ್ವ ಎಂಬ ಹೆಂಗಸು ಕೊಡ ಹೊತ್ತು ಓಡಿಬಂದು ಮೂವರಿಗೂ ನೀರು ಕುಡಿಸಿ, ಉಮಾಶ್ರೀಯ ಬಿಳಿ ಅಂಗಿ ನೋಡಿ ಕೇಳಿದಳು: “ಇದನ್ನ ನೀ ನಡಸ್ತಿದ್ದಿ ಏನವಾ?”

“ಹೂಂ.”

“ಇಳಸೂದು ಇನ್ನೂ ಕಲ್ತಿಲ್ಲೇನ ಹಂಗಾದ್ರ,” ಎಂದಳು ಮಾಳವ್ವ, ಕರುಣೆಯಿಂದ.

ಶಂಭುಲಿಂಗ ಮೂರು ಜೀವ ಉಳಿದವೆಂದು ಕೈಮುಗಿದ, ಆಮೇಲೆ ಮುರಿದ ವಿಮಾನವನ್ನು ಸುತ್ತುಹಾಕಿ ನಿಟ್ಟುಸಿರುಬಿಟ್ಟ. ಪತ್ರಿಕೆಗಳಲ್ಲಿ ಒಂದು ದಿನ ಸುದ್ದಿ ಬಂತು. ‘ವಿಮಾನ ಕೆಡವಿದಾಕಿ’ ಎಂದು ಓಣಿಯಲ್ಲಿ ಹೆಸರಾಯಿತು. ಯಾರೂ ಅವಳ ಫೋಟೋವನ್ನು ಗೋಡೆಗೆ ಹಾಕಲಿಲ್ಲ.

ವಾರದ ಮೇಲೆ ಯಜ್ಞೇಶ್ವರ ಸರ್ ದೇಶಪಾಂಡೆ ನಗರಕ್ಕೆ ಬಂದರು. ಅಷ್ಟು ವರ್ಷಗಳಲ್ಲಿ ಅವಳ ಮನೆಗೆ ಅದೇ ಮೊದಲು. ಚನ್ನಬಸವ್ವ ಉಪ್ಪಿಟ್ಟು ಮಾಡಲು ಒಳಗೆ ಹೋದಳು. ಸರ್ ಎಲ್ಲವನ್ನೂ ಒಂದೊಂದಾಗಿ ಕೇಳಿದರು: ಭಾರ, ಬಿಸಿಲು, ವೇಗ. ಕೊನೆಗೆ, “ನೀ ಮಾಡಿದ್ದು ಬರೋಬ್ಬರಿ ಅದ,” ಎಂದರು. ಮತ್ತೆ, “ಅವತ್ತ ಅಂಗಳದಾಗ ನೀ ಹೇಳಿದ್ದೂ ಖರೇ ಇತ್ತು. ನಿನ್ನ ಮಾತಿನ ಹೊಟ್ಟಿಕಿಚ್ಚು ಕೇಳಿದೆ, ಮಾತು ಕೇಳಲಿಲ್ಲ.”

ಉಮಾಶ್ರೀ ಎಷ್ಟೋ ರಾತ್ರಿ ಈ ಮಾತನ್ನು ಅವರ ಬಾಯಲ್ಲಿ ಇಟ್ಟು ನೋಡಿದ್ದಳು. ಈಗ ಬಂದಾಗ ಅದು ಪರೀಕ್ಷೆಯ ಪೇಪರಿನ ಮೇಲೆ ಹಾಕಿದ ಅಂಕದಂತಿತ್ತು. ಸರಿಯಾದ ಅಂಕ. ಆಮೇಲೆ ಸರ್ ಕಿಟಕಿಯ ಕಡೆ ತಿರುಗಿ, “ನೀ ಹೇಳಿದಾಗ ಆಶ್ಯಾನ್ನ ಕರದು ಒಂದ ಸಲ ಬೈದಿದ್ರ...” ಎಂದರು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು. ಒರೆಸಿದಷ್ಟೂ ನೀರು ಬಂತು.

ಉಮಾಶ್ರೀ ಎದುರಿಗೆ ಕೂತು ನೋಡಿದಳು. ಸತ್ತು ಎರಡು ವರ್ಷವಾದರೂ ಅವನಿಗೇ ಆ ನೀರು. ಬದುಕಿ ಎದುರಿಗೆ ಕೂತವಳಿಗೆ ‘ಬರೋಬ್ಬರಿ’. ಎದೆಯೊಳಗೆ ಹಳೆಯ ಕಿಚ್ಚು ಅಲ್ಲಿಯೇ ಇತ್ತು, ಒಂದಿಷ್ಟೂ ಆರಿರಲಿಲ್ಲ. ಆದರೂ ಅವಳು ಎದ್ದು ನೀರು ತಂದುಕೊಟ್ಟಳು, ಅವರು ಕುಡಿಯುವ ತನಕ ಹತ್ತಿರ ನಿಂತಳು, ಆಟೋ ತರಿಸಿ ಹೊಸ ಬಸ್‌ಸ್ಟ್ಯಾಂಡಿನ ತನಕ ಹೋಗಿ ಧಾರವಾಡದ ಬಸ್ಸು ಹತ್ತಿಸಿ ಬಂದಳು.

ಚನ್ನಬಸವ್ವ ತಿನ್ನದೆ ಉಳಿದ ಉಪ್ಪಿಟ್ಟನ್ನು ಮುಚ್ಚಿಡುತ್ತ ಕೇಳಿದಳು. “ಯಾಕ ಅಷ್ಟ ಅತ್ತರ ಅವರು?”

“ನಾ ಉಳದೇನಂತ,” ಎಂದಳು ಉಮಾಶ್ರೀ.

“ದೊಡ್ಡ ಮನಸಿನವರು,” ಎಂದಳು ತಾಯಿ.

ಉಮಾಶ್ರೀ ಹೂಂ ಎಂದಳು.