ಅಂಗಡಿ ಗೋಡೆಯ ವಾಕ್ಯ

ಹೊಸ ವರ್ಷದ ಬೆಳಿಗ್ಗೆ ನಮ್ಮ ಸಭೆಯಲ್ಲಿ ಆರಾಧನೆ ಮುಗಿದ ಮೇಲೆ ಒಂದು ತಟ್ಟೆ ಬರುತ್ತದೆ. ತಟ್ಟೆ ತುಂಬ ಚಿಕ್ಕ ಕಾರ್ಡುಗಳು, ಒಂದೊಂದರಲ್ಲಿ ಬೈಬಲಿನ ಒಂದೊಂದು ವಾಕ್ಯ. ಬರಹ ಕಾಣದಂತೆ ಮಗುಚಿ ಇಟ್ಟಿರುತ್ತಾರೆ. ಪ್ರಾರ್ಥನೆ ಮಾಡಿ ಒಂದನ್ನು ಎತ್ತಿಕೊಳ್ಳಬೇಕು. ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ಮಾತು ಅದೇ ಎಂದು ನಂಬಿಕೆ. ಸಾಗರದ ನಮ್ಮ ಮನೆಯ ಕನ್ನಡಿಯ ಅಂಚಿನಲ್ಲಿ ಹಳೆಯ ವರ್ಷಗಳ ಕಾರ್ಡುಗಳು ಇನ್ನೂ ಸಿಕ್ಕಿಕೊಂಡಿವೆ.

ನನ್ನ ಮಗಳು ಹೊಸನಗರದಲ್ಲಿ ಟೈಲರಿಂಗ್ ಅಂಗಡಿ ಹಾಕಲು ಓಡಾಡುತ್ತಿದ್ದ ವರ್ಷ ಅವಳ ಕೈಗೆ ಬಂದದ್ದು ಯೋಬನ ಪುಸ್ತಕದ ಒಂದು ವಾಕ್ಯ. ನಿನ್ನ ಆರಂಭ ಚಿಕ್ಕದಾಗಿದ್ದರೂ ಕೊನೆ ಬಹಳ ದೊಡ್ಡದಾಗುತ್ತದೆ ಎಂಬ ಅರ್ಥದ್ದು.

"ನೋಡಮ್ಮ, ನನ್ನ ಅಂಗಡಿಗೇ ಬರ್ದಂಗಿದೆ! ನಿಂಗ್ಯಾವ್ದು ಬಂತು?"

"ತಾಳ್ಮೆಯಿಂದ ಇರು ಅಂತ."

"ಕರೆಕ್ಟಾಗೇ ಬಂದಿದೆ ಬಿಡು," ಎಂದು ನಕ್ಕಳು.

ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ, ಫ್ರೇಮ್ ಹಾಕಿಸಿ, ಹೊಲಿಗೆ ಮಷೀನಿನ ಮೇಲಿನ ಗೋಡೆಗೆ ತೂಗುಹಾಕಿದಳು. ಬ್ಲೌಸಿನ ಅಳತೆ ಕೊಡಲು ಬಂದವರೆಲ್ಲ ಓದಿ, ಒಳ್ಳೆಯ ಮಾತು ಎನ್ನುತ್ತಿದ್ದರಂತೆ.

ಅಂಗಡಿ ಎರಡನೇ ಬೇಸಿಗೆ ನೋಡುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಕಾಡಿನ ಉಣುಗು ಕಚ್ಚಿ ಬರುವ ಜ್ವರ; ನಮ್ಮ ಕಡೆ ಮಂಗನ ಕಾಯಿಲೆ ಎನ್ನುತ್ತಾರೆ. ಆಸ್ಪತ್ರೆಯವರು ಮಾಡಬೇಕಾದದ್ದನ್ನೆಲ್ಲ ಮಾಡಿದರು. ಅವಳು ಉಳಿಯಲಿಲ್ಲ. ಅವಳ ಅಪ್ಪ ಅವಳು ಶಾಲೆಗೆ ಹೋಗುವಾಗಲೇ ತೀರಿಕೊಂಡಿದ್ದರು. ಮನೆಯಲ್ಲಿ ನಾನೊಬ್ಬಳೇ ಆದೆ.

ಸಭೆಯ ಹಿರಿಯ ಹೆಂಗಸೊಬ್ಬರು ಪ್ರಾರ್ಥನೆಗೆಂದು ಮನೆಗೆ ಬಂದು, ನನ್ನ ಕೈ ಹಿಡಿದುಕೊಂಡು, "ದೇವ್ರು ಸುಮ್ಸುಮ್ನೆ ಕರ್ಕಳಲ್ಲಮ್ಮ. ಹುಡುಗಿ ಎಲ್ಲಾದ್ರೂ ದಾರಿ ತಪ್ಪಿದ್ಲಾ, ಯೋಚ್ನೆ ಮಾಡು," ಎಂದರು. ಕೆಟ್ಟವರಲ್ಲ ಅವರು. ನನಗೆ ತಿಂಗಳುಗಟ್ಟಲೆ ಗಂಜಿ ಕಳಿಸಿದ್ದಾರೆ. ಆದರೆ ಅವರು ಎದ್ದುಹೋದ ಮೇಲೂ ಆ ಮಾತು ಹೋಗಲಿಲ್ಲ. ಪಾತ್ರೆ ತೊಳೆಯುತ್ತಾ, ಬಟ್ಟೆ ಒಣಹಾಕುತ್ತಾ, ನನ್ನ ಮಗಳ ಬದುಕಿನಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸವಾಯಿತು.

ವರ್ಷ ತುಂಬುತ್ತಾ ಬಂದಾಗ ಸಮಾಧಿಗೆ ಕಲ್ಲು ಮಾಡಿಸುವ ಹೊಣೆಯನ್ನು ತೀರ್ಥಹಳ್ಳಿಯಲ್ಲಿರುವ ನನ್ನ ಅಣ್ಣ ವಹಿಸಿಕೊಂಡ. ಫೋನ್ ಮಾಡಿ, "ಹೆಸ್ರಿನ ಕೆಳಗೆ ಅವಳ ವಾಕ್ಯನೇ ಹಾಕ್ಸಣ. ತಪ್ಪಿಲ್ದಂಗೆ ನೋಡಿ ಕಳ್ಸು. ಕಲ್ಲಲ್ಲಿ ಕೆತ್ತಿದ್ ಮೇಲೆ ಅಳ್ಸಕ್ಕಾಗಲ್ಲ," ಎಂದ.

ಅದಕ್ಕೆಂದು ಬೈಬಲ್ ತೆರೆದೆ. ವಾಕ್ಯ ಸಿಕ್ಕಿತು. ಕಣ್ಣು ಅದರ ಮೇಲಿನ ಸಾಲುಗಳಿಗೂ ಹೋಯಿತು. ಅಲ್ಲಿತ್ತು: ನಿನ್ನ ಮಕ್ಕಳು ದೇವರಿಗೆ ವಿರುದ್ಧವಾಗಿ ಪಾಪ ಮಾಡಿದರು, ಅದರ ಫಲವನ್ನು ಉಂಡರು. ಅದೇ ಬಾಯಿ, ಅದೇ ಉಸಿರು. ಪುಸ್ತಕ ಮುಚ್ಚಿಬಿಟ್ಟೆ. ಆ ಹೆಂಗಸು ಹೇಳಿದ್ದನ್ನೇ ದೇವರೂ ಹೇಳಿದ ಹಾಗಾಯಿತು. ಮಗಳು ನಗುತ್ತಾ ಎತ್ತಿಕೊಂಡ ಕಾರ್ಡಿನ ಹಿಂದೆ ಇದು ಕಾದುಕೊಂಡಿತ್ತೇ ಎನಿಸಿತು. ಅಂದು ಒಲೆ ಹಚ್ಚಲಿಲ್ಲ.

ಮರುದಿನ ಮತ್ತೆ ತೆರೆದೆ. ಹೀಗೆ ಹೇಳುತ್ತಿರುವುದು ಯಾರು ಎಂದಾದರೂ ತಿಳಿಯಬೇಕಿತ್ತು. ಮೊದಲ ಪುಟದಿಂದ, ಬೆರಳಿಟ್ಟು ನಿಧಾನವಾಗಿ ಓದಿದೆ. ಯೋಬ ಒಳ್ಳೆಯ ಮನುಷ್ಯ ಎಂದು ಆರಂಭದಲ್ಲೇ ಇದೆ. ಬಿರುಗಾಳಿಗೆ ಮನೆ ಕುಸಿದು ಅವನ ಮಕ್ಕಳೆಲ್ಲ ಸತ್ತರು. ಸ್ನೇಹಿತರು ಬಂದರು. ಮೊದಲು ಏಳು ದಿನ ನೆಲದ ಮೇಲೆ ಅವನ ಪಕ್ಕ ಸುಮ್ಮನೆ ಕೂತರು, ಒಂದು ಮಾತೂ ಆಡದೆ. ಆಮೇಲೆ ಬಾಯಿ ತೆರೆದರು. ನನ್ನ ಮಗಳ ವಾಕ್ಯ ಆ ಸ್ನೇಹಿತರಲ್ಲಿ ಒಬ್ಬನದು. ದೇವರದಲ್ಲ. ಪುಸ್ತಕದ ಕೊನೆಗೆ ಬಂದಾಗ ದೇವರು ಆ ಸ್ನೇಹಿತರ ಮೇಲೆ ಸಿಟ್ಟಾಗಿದ್ದಾನೆ. ನನ್ನ ವಿಷಯದಲ್ಲಿ ನೀವು ಸರಿಯಾದದ್ದನ್ನು ಆಡಲಿಲ್ಲ ಎನ್ನುತ್ತಾನೆ.

ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಅತ್ತೆ. ಯೋಬನಿಗೆ ಮತ್ತೆ ಮಕ್ಕಳಾದರು ಎಂದೂ ಮುಂದೆ ಬರುತ್ತದೆ. ಅದರಿಂದ ನನಗೆ ಸಮಾಧಾನ ಆಗಲಿಲ್ಲ. ಹೋದವರು ಹೋದವರೇ ಅಲ್ಲವೇ.

ಅಣ್ಣನಿಗೆ ಫೋನ್ ಮಾಡಿದೆ. "ಆ ವಾಕ್ಯ ಬೇಡ ಅಣ್ಣ."

"ದೇವ್ರ ಮಾತಲ್ವೇನೇ ಮಾರಾಯ್ತಿ?"

"ಅಲ್ಲ. ಮಕ್ಳನ್ನ ಕಳ್ಕಂಡವ್ನಿಗೆ, ನಿನ್ ಮಕ್ಳು ಪಾಪ ಮಾಡಿ ಸತ್ರು ಅಂದವ್ನ ಮಾತು. ಕೊನೇಲಿ ದೇವ್ರು ಅವ್ನಿಗೆ ಬೈದಿದಾನೆ."

"ಅಯ್ಯೋ, ನನ್ನ ವ್ಯಾನಿನ ಹಿಂದೆ ಅದನ್ನೇ ಬರ್ಸಿದೀನಲ್ಲೇ!"

ವರ್ಷದಲ್ಲಿ ಮೊದಲ ಸಲ ನನಗೆ ನಗು ಬಂತು. "ಇರ್ಲಿ ಬಿಡು. ವ್ಯಾನ್ ಏನ್ ಮಾಡ್ತು."

"ಮತ್ತೆ ಕಲ್ಲಿಗೆ ಯಾವ್ದು? ಬರೀ ಹೆಸ್ರು ಹಾಕಿದ್ರೆ ಬೋಳು ಕಾಣ್ತದೆ."

"ಕಾಣ್ಲಿ."

ಅಂಗಡಿ ಖಾಲಿ ಮಾಡಿದಾಗ ತಂದ ಫ್ರೇಮು ನನ್ನ ಮಂಚದ ಎದುರಿಗೇ ಇದೆ. ಆ ಮಾತನ್ನು ಆಡಿದವನು ಯಾರೆಂದು ಈಗ ಗೊತ್ತು. ಆದರೆ ನಮ್ಮ ಮನೆಗೆ ಅದನ್ನು ತಂದವಳು ಅವಳು, ಖುಷಿಯಲ್ಲಿ ತಂದಿದ್ದಳು. ಅದಕ್ಕೇ ತೆಗೆದಿಲ್ಲ.

ಕಲ್ಲು ನಿಲ್ಲಿಸಿದ ದಿನ ಪ್ರಾರ್ಥನೆ ಮುಗಿಸಿ ಎಲ್ಲರೂ ಗೇಟಿನ ಕಡೆ ನಡೆದರು. ಆ ಹಿರಿಯ ಹೆಂಗಸು ಮಾತ್ರ ಹಿಂದೆ ಉಳಿದು ಕಲ್ಲನ್ನೇ ನೋಡುತ್ತಿದ್ದರು.

"ವಾಕ್ಯ ಹಾಕ್ಸಿಲ್ವಾ ಅಮ್ಮ?"

"ಇಲ್ಲ ಅಕ್ಕ. ಅವಳು ಯಾವ ದಾರೀನೂ ತಪ್ಪಿರ್ಲಿಲ್ಲ."

ಅವರು ಏನೋ ಹೇಳಲು ಬಾಯಿ ತೆರೆದರು.

"ಏನೂ ಹೇಳ್ಬೇಡಿ ಅಕ್ಕ," ಎಂದೆ. "ಒಂಚೂರು ಕೂತ್ಕಳಿ."

ಅವರು ಸೆರಗು ಸರಿಮಾಡಿಕೊಂಡು, ಮೊಣಕಾಲು ಹಿಡಿದು ನಿಧಾನವಾಗಿ ನೆಲದ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ.